ನ್ಯಾನೋ ಲೇಪನದ ಮಾಸ್ಕ್: ಜ್ವರದ ಓಪಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕೆಲಸ ಮಾಡುವವರಿಗೆ ಉಪಯೋಗ ಉಂಟಾ?

ಪೆರ್ಲದ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಮಳೆಗಾಲ ಶುರುವಾದರೆ ನಮ್ಮಲ್ಲಿ ಜ್ವರ, ಕೆಮ್ಮಿನವರದ್ದೇ ಸಾಲು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಇರುವುದು ಇಂಜೆಕ್ಷನ್ ಕೋಣೆಯ ಮೂಲೆಯಲ್ಲಿ. ಉಬ್ಬಸದ ಮಕ್ಕಳು ಅದನ್ನು ಹಾಕಿಕೊಂಡು ಕೆಮ್ಮುವಾಗ ನಾವು ಮುಖದ ಹತ್ತಿರವೇ ಹಿಡಿದು ನಿಲ್ಲಬೇಕು. ಮಳೆಯ ಎರಚಲಿಗೆ ಕಿಟಕಿ ಮುಚ್ಚಿರುತ್ತದೆ. ಸ್ವಲ್ಪ ದಿನದಲ್ಲಿ ಸಿಬ್ಬಂದಿಯೂ ಒಬ್ಬೊಬ್ಬರಾಗಿ ಮಲಗುತ್ತಾರೆ. ಮನೆಯಲ್ಲಿ ನನ್ನ ಅತ್ತೆಗೆ ದಮ್ಮು ಉಂಟು, ನನಗೆ ಅದೇ ದೊಡ್ಡ ಹೆದರಿಕೆ.

ಮೊನ್ನೆ ಒಬ್ಬರು ತಾಮ್ರದ ನ್ಯಾನೋ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ) ಲೇಪಿಸಿದ ಮಾಸ್ಕ್ ಮಾರಲು ಬಂದಿದ್ದರು. ವೈರಸ್ ತಾಗಿದ ಕೂಡಲೇ ಸಾಯುತ್ತದೆ, ಇನ್ನು ಎನ್95 ಬೇಡ ಅಂದರು. ಮೂಗಿಗೆ ಹೊಡೆಯುವ ಸ್ಪ್ರೇಯನ್ನೂ ತೋರಿಸಿದರು. ನಮಗೆಲ್ಲ ಆಸೆಯಾಯಿತು. 2018ರಲ್ಲಿ ಪೇರಾಂಬ್ರದ ನರ್ಸ್ ಲಿನಿ ಅವರು ನಿಪಾ ಸೋಂಕು ತಗುಲಿ ತೀರಿಕೊಂಡದ್ದನ್ನು ನಮ್ಮ ಕೆಲಸದವರು ಯಾರೂ ಮರೆತಿಲ್ಲ.

ಆದರೆ ನನ್ನ ಊರು ಎಣ್ಮಕಜೆ. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು. ಅದರಿಂದ ಏನೂ ಆಗುವುದಿಲ್ಲ ಅನ್ನುವ ಮಾತು ಕೇಳಿಯೇ ಬೆಳೆದವಳು ನಾನು. ಹಾಗಾಗಿ ಮೂಗಿನ ಎದುರು ಹೊಸ ಪುಡಿಯನ್ನು ಸುಮ್ನೆ ಕಟ್ಟಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಅದು ಕಳಚಿ ಶ್ವಾಸಕೋಶಕ್ಕೆ ಹೋಗುವುದಿಲ್ವಾ? ಗೊತ್ತಿರುವವರು ಬಿಡಿಸಿ ಹೇಳಿ.

ಮಂಜೇಶ್ವರದ ಕೆಮಿಸ್ಟ್ರಿ ಮೇಷ್ಟ್ರು

ಸಿಸ್ಟರ್, ಲೇಪನದ ವಿಷಯ ಸುಳ್ಳಲ್ಲ. ತಾಮ್ರ, ಬೆಳ್ಳಿಯ ಕಣಗಳಿಂದ ಅಯಾನುಗಳು (ವಿದ್ಯುತ್ ಆವೇಶ ಇರುವ ಪರಮಾಣುಗಳು) ಹೊರಬಂದು ವೈರಸ್‌ನ ಕೊಬ್ಬಿನ ಪೊರೆಯನ್ನೂ ಪ್ರೊಟೀನನ್ನೂ ಕೆಡಿಸುತ್ತವೆ. ಕಣ ಸಣ್ಣದಾದಷ್ಟೂ ಅಷ್ಟೇ ತೂಕಕ್ಕೆ ಮೇಲ್ಮೈ ಜಾಸ್ತಿ ಸಿಗುತ್ತದೆ. ಹೈದರಾಬಾದಿನ ಸಂಶೋಧನಾ ಸಂಸ್ಥೆಗಳಾದ ಎಆರ್‌ಸಿಐ, ಸಿಸಿಎಂಬಿ ಮತ್ತು ಬೆಂಗಳೂರಿನ ರೆಸಿಲ್ ಕೆಮಿಕಲ್ಸ್ ಕಂಪೆನಿ ಸೇರಿ ತಯಾರಿಸಿದ ಇಂಥದ್ದೇ ಮಾಸ್ಕ್‌ನ ಸುದ್ದಿ 2022ರಲ್ಲಿ ಬಂದಿತ್ತು. ಅದರಲ್ಲಿರುವ ತಾಮ್ರದ ಕಣ ಸುಮಾರು 20 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ ಒಂದು ನ್ಯಾನೋಮೀಟರ್).

ಆದರೆ ಸಮಯದ ಲೆಕ್ಕ ನೋಡಿ. 2020ರಲ್ಲಿ ಅಮೆರಿಕದಲ್ಲಿ ಕೊರೊನಾ ವೈರಸ್ಸನ್ನು ತಾಮ್ರದ ಮೇಲೆ ಇಟ್ಟು ಪರೀಕ್ಷಿಸಿದರು. 4 ಗಂಟೆಯ ನಂತರ ಜೀವಂತ ವೈರಸ್ ಸಿಗಲಿಲ್ಲ. ಪ್ಲಾಸ್ಟಿಕ್ ಮೇಲೆ 72 ಗಂಟೆಯ ತನಕ ಸಿಕ್ಕಿತ್ತು. ನ್ಯಾನೋ ಕಣ ಇನ್ನೂ ಬೇಗ ಕೊಲ್ಲಬಹುದು. ಆದರೂ ನೀವು ಎಳೆದ ಉಸಿರು ಮಾಸ್ಕ್ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆಗ ವೈರಸ್ಸನ್ನು ಹಿಡಿಯಬೇಕಾದದ್ದು ಒಳಗಿನ ಎಳೆಗಳು. ಲೇಪನ ಕೆಲಸಕ್ಕೆ ಬರುವುದು ವೈರಸ್ ಅಲ್ಲಿ ಅಂಟಿಕೊಂಡ ಮೇಲೆ, ಅಂದರೆ ನೀವು ಮಾಸ್ಕ್ ಬಿಚ್ಚುವಾಗ, ಅದನ್ನು ಮುಟ್ಟುವಾಗ. ಎನ್95 ಬೇಡ ಅಂದದ್ದು ತಪ್ಪು.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್, ಕುಂಬಳೆ

ಮೇಷ್ಟ್ರು ಹೇಳಿದ್ದು ಸರಿ. ಎನ್95ರ ಎಳೆಗಳಲ್ಲಿ ವಿದ್ಯುತ್ ಆವೇಶ ಇರುತ್ತದೆ, ಸಣ್ಣ ಕಣವನ್ನು ಅದು ಎಳೆದು ಹಿಡಿಯುತ್ತದೆ. ಸ್ಪಿರಿಟ್ ಹಾಕಿದರೆ, ಸೋಪಿನಲ್ಲಿ ತೊಳೆದರೆ ಆ ಶಕ್ತಿ ಹೋಯಿತು. ಪ್ಯಾಕೆಟ್ ಮೇಲೆ ಐಎಸ್ 9473 (ಭಾರತೀಯ ಮಾನಕದ ಸಂಖ್ಯೆ), ಎಫ್‌ಎಫ್‌ಪಿ2 (ಸೋಸುವ ಶಕ್ತಿಯ ದರ್ಜೆ) ಎಂದು ಇದೆಯಾ ನೋಡಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಕಟ್ಟುವ ಪಟ್ಟಿಯದ್ದು ಒಳ್ಳೆಯದು. ಮೂಗಿನ ಪಕ್ಕ ಸಂದು ಇದ್ದರೆ ಎಂಥ ಲೇಪನ ಇದ್ದರೂ ಗಾಳಿ ಆ ದಾರಿಯಲ್ಲೇ ಬರುತ್ತದೆ.

ಮತ್ತೆ ಆ ಕಿಟಕಿ, ದಯವಿಟ್ಟು ತೆರೆಸಿ ತಂಗಿ. ಸಾಮಾನ್ಯ ವಾರ್ಡಿನಲ್ಲೇ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಗಾಳಿಯಿಂದ ಹರಡುವ ರೋಗದ ಕೋಣೆಗಾದರೆ 160. ಮುಚ್ಚಿದ ಮೂಲೆಯಲ್ಲಿ ನೆಬುಲೈಸರ್ ಇಡಲೇಬಾರದು. ಎರಚಲು ಬರುವುದಾದರೆ ಹೊರಗೊಂದು ಶೀಟ್ ಇಳಿಸಿ. ಪಂಚಾಯತಿನಲ್ಲಿ ಕೇಳಿ, ದೊಡ್ಡ ಖರ್ಚಲ್ಲ.

ಫಾರ್ಮಸಿ ವಿದ್ಯಾರ್ಥಿನಿ, ಮುಳ್ಳೇರಿಯ

ಅಕ್ಕ, ನಿಮ್ಮ ಹೆದರಿಕೆಗೆ ಕಾರಣ ಇದೆ. 2021ರಲ್ಲಿ ಕೆನಡಾ ಸರ್ಕಾರ ಗ್ರಾಫೀನ್ (ಇಂಗಾಲದ ತೀರಾ ತೆಳು ಹಾಳೆ) ಇರುವ ಮಾಸ್ಕ್ ಬಳಸಬೇಡಿ ಎಂದು ಎಚ್ಚರಿಕೆ ಕೊಟ್ಟಿತ್ತು. ಕಣ ಉಸಿರಿನೊಳಗೆ ಹೋಗಬಹುದು ಎಂಬುದೇ ಕಾರಣ. ಅದೇ ವರ್ಷ ಬೆಲ್ಜಿಯಂನಲ್ಲಿ ಜನರಿಗೆ ಹಂಚಿದ್ದ ಮಾಸ್ಕ್‌ಗಳ ಮೇಲೂ ಬೆಳ್ಳಿ, ಟೈಟಾನಿಯಂ ಡೈಆಕ್ಸೈಡ್ ಕಣಗಳ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಕಣ ಎಳೆಯೊಳಗೇ ಬೆಸೆದಿದೆಯಾ, ಮೇಲೆ ಸಿಂಪಡಿಸಿದ್ದಾ ಎಂಬುದು ತುಂಬ ಮುಖ್ಯ.

ಸ್ಪ್ರೇಗಳೆಲ್ಲ ನ್ಯಾನೋ ಅಲ್ಲ. ಅರ್ಜೆಂಟೀನಾದಲ್ಲಿ 394 ಆಸ್ಪತ್ರೆ ಸಿಬ್ಬಂದಿಯ ಮೇಲೆ ಕಡಲ ಪಾಚಿಯಿಂದ ತೆಗೆದ ಕ್ಯಾರಗೀನನ್ ಸ್ಪ್ರೇ ಪ್ರಯೋಗಿಸಿದ್ದರು. ಕ್ಯಾರಗೀನನ್ ಪಡೆದವರಲ್ಲಿ ಶೇ. 1, ಬರೀ ಉಪ್ಪುನೀರಿನ ಸ್ಪ್ರೇ ಪಡೆದವರಲ್ಲಿ ಶೇ. 5 ಜನರಿಗೆ ಕೋವಿಡ್ ಬಂತು. ಒಳ್ಳೆಯ ಸುದ್ದಿಯೇ, ಆದರೆ ಸಣ್ಣ ಪ್ರಯೋಗ. ಅವರೆಲ್ಲ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿದವರು.

ಪೆರ್ಲದ ಸಿಸ್ಟರ್

ತುಂಬ ಉಪಕಾರ ಆಯಿತು. ನಾಳೆಯೇ ಡಾಕ್ಟರ ಹತ್ತಿರ ಮಾತಾಡಿ ನೆಬುಲೈಸರನ್ನು ಹಿಂದಿನ ಜಗಲಿಗೆ ಸಾಗಿಸುತ್ತೇವೆ, ಅಲ್ಲಿ ಪ್ಲಗ್ ಪಾಯಿಂಟ್ ಉಂಟು. ತಲೆಪಟ್ಟಿಯ ಎನ್95ಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುತ್ತೇನೆ. ಮಾಸ್ಕ್‌ನವರು ಪುನಃ ಬಂದರೆ ಕಣ ಎಷ್ಟು ಕಳಚುತ್ತದೆ ಎಂದು ಪರೀಕ್ಷಿಸಿದ ವರದಿ ಕೇಳುತ್ತೇನೆ. ಮೇಷ್ಟ್ರೇ, ಆ ವರದಿ ಸಿಕ್ಕಿದರೆ ಇಲ್ಲಿ ಹಾಕುತ್ತೇನೆ, ನೀವು ಒಮ್ಮೆ ಓದಿ ಹೇಳಬೇಕು.