ಒಂದು "ರನ್"ಗೆ ಎಷ್ಟು ಅರ್ಥ ಅಂತ ಕಲಿಯೋದು? ಓಇಟಿ ಬರೆದಿರೋರು ಅನುಭವ ಹೇಳಿ ಪ್ಲೀಸ್

ದಾವಣಗೆರೆ ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ಬಿಎಸ್‌ಸಿ ನರ್ಸಿಂಗ್ ಮುಗ್ಸಿ ಇಲ್ಲೇ ಒಂದು ಪ್ರೈವೇಟ್ ಆಸ್ಪತ್ರೇಲಿ ಕೆಲ್ಸ ಮಾಡ್ತಿದೀನಿ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಯುಕೆಗೆ ಹೋಗೋಕೆ ಓಇಟಿ, ಅಂದ್ರೆ ನರ್ಸು ಡಾಕ್ಟರ್‌ಗಳಿಗೆ ಅಂತಿರೋ ಇಂಗ್ಲಿಷ್ ಪರೀಕ್ಷೆ, ಬರೀಬೇಕು. ಗ್ರಾಮರ್ ಪರ್ವಾಗಿಲ್ಲ, ಮೆಡಿಕಲ್ ಪದಗಳೂ ಬರ್ತವೆ, ಈ ಸಣ್ಣ ಸಣ್ಣ ಪದಗಳೇ ಕೈ ಕೊಡ್ತಿರೋದು. ಅದ್ರಲ್ಲೂ ರನ್. ರನ್ ಔಟ್ ಆಫ್, ರನ್ ಡೌನ್, ರನ್ ಇನ್‌ಟು, ರನ್ ಥ್ರೂ... ಲಿಸನಿಂಗ್‌ನಲ್ಲಿ ಪೇಷಂಟ್ ಇದ್ರಲ್ಲಿ ಒಂದು ಅಂದ್ರೆ ಸಾಕು, ಅದೇನಿರ್ಬೋದು ಅಂತ ಯೋಚ್ನೆ ಮಾಡೋಷ್ಟ್ರಲ್ಲಿ ಮುಂದಿನ ಬ್ಲಾಂಕ್‌ಗಳು ಹೋಗಿರ್ತವೆ. ಕೋಚಿಂಗ್‌ನವ್ರು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂತಾರೆ. ಬಾಯಿಪಾಠದಿಂದ ಯಾರಿಗಾದ್ರೂ ಉಪಯೋಗ ಆಗಿದ್ಯಾ? ಅಡ್ವಾನ್ಸ್ಡ್ ಬ್ಯಾಚ್ ಅಂತ ಇನ್ನೂ 22 ಸಾವಿರ ಕೇಳ್ತಿದಾರೆ, ಕಟ್ಲಾ ಬೇಡ್ವಾ?

ಹುಬ್ಬಳ್ಳಿ ಹೈದ:
ಅಕ್ಕಾರ, ಬಾಯಿಪಾಠದ ಮಾತು ಬಿಡ್ರಿ. ನಾ ಧಾರವಾಡದಾಗ ಬ್ಯಾಂಕ್ ಪರೀಕ್ಷಾಕ್ಕ ಓದೂ ಮುಂದ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೆ. ಫೀ 8,500, ಅದರ ಮ್ಯಾಲ ಮಟೀರಿಯಲ್ ಅಂತ 1,200, ಆ ಮಟೀರಿಯಲ್ ಏನಪಾ ಅಂದ್ರ ಝೆರಾಕ್ಸ್ ಹಾಳಿಗೆ ಸ್ಪೈರಲ್ ಬೈಂಡಿಂಗ್, ಅದರಾಗೂ ನಡುವಿನ ಹಾಳಿ ತಲಿಕೆಳಗ ಹಚ್ಚಿದ್ರು. ಐಡಿ ಕಾರ್ಡಿಗೆ ಬ್ಯಾರೆ 150, ಆ ಕಾರ್ಡು ಯಾರೂ ಒಂದ್ ದಿನಾ ಕೇಳ್ಲಿಲ್ಲ. ಖಾನಾವಳಿ, ರೂಮ್ ಬಾಡಿಗಿ ಲೆಕ್ಕಾ ಹಿಡದ್ರ ನಮ್ಮಪ್ಪ ಮಾರಿದ ಗೊಂಜಾಳದ ರೊಕ್ಕ ಪೂರಾ ಅಲ್ಲೇ ಹೋತು. ರನ್ ಅವೇ ಅಂದ್ರ ಓಡಿಹೋಗೂದು, ರನ್ ಓವರ್ ಅಂದ್ರ ಮೈಮ್ಯಾಲ ಗಾಡಿ ಹಾಯಿಸೂದು, ಹಿಂಗ ಒಂದಕ್ಕ ಒಂದ ಅರ್ಥ ಬರಕೊಂಡು ಉರು ಹೊಡದ್ವಿ. ಇಂಟರ್‌ವ್ಯೂನ್ಯಾಗ ಮ್ಯಾಡಂ ಕೇಳಿದ್ದೇನು? "ವಾಟ್ ಈಸ್ ಎ ಬ್ಯಾಂಕ್ ರನ್?" ಪಟ್ಟಿಯಾಗ ಇದ್ದಿಲ್ಲ ಅದು! ನನ್ನ ಪುಣ್ಯಾಕ್ಕ ಪೇಪರಿನ್ಯಾಗ ಅಮೆರಿಕಾದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಸುದ್ದಿ ಓದಿದ್ದೆ, 2023ರ ಮಾರ್ಚ್‌ನಾಗ ಮಂದಿ ಒಂದ ದಿನದಾಗ 42 ಬಿಲಿಯನ್ ಡಾಲರ್ ವಾಪಸ್ ಕೊಡ್ರಿ ಅಂತ ಮುಗಿಬಿದ್ದಿದ್ರು. ಹಿಂಗ ಎಲ್ಲಾರೂ ಹೆದರಿ ಒಮ್ಮೆಲೆ ಠೇವಣಿ ತಗೊಳ್ಳಾಕ ಬರೂದು ಅಂತ ಹೇಳಿ ಬಂದೆ. ಈಗ ಆಫೀಸರ್ ಅದೇನಿ. ಕ್ಲಾಸಿನವ್ರು ನನ್ನ ಫೋಟೋ ಬ್ಯಾನರ್ ಮ್ಯಾಲ ಹಾಕ್ಯಾರ, ಅದಕ್ಕ ಮಾತ್ರ ಹೊಟ್ಟಿ ಉರಿತೈತಿ.

ಕೋಡ್ ಕೋರಮಂಗಲ:
ಪಟ್ಟೀನೂ ಬೇಡ, ಕೋಚಿಂಗೂ ಬೇಡ, ಡಿಕ್ಷನರಿ ಮೊದ್ಲೇ ಬೇಡ. ನಾನು ಒಂದು ರೂಪಾಯಿ ಕೊಡದೆ ಯೂಟ್ಯೂಬ್ ನೋಡಿ ಕಲ್ತಿದ್ದು. ಕಂಪನಿ ಸೇರ್ದಾಗ ರನ್ ಅಂದ್ರೆ ಪ್ರೋಗ್ರಾಂ ರನ್ ಮಾಡೋದು ಅಷ್ಟೇ ಗೊತ್ತಿತ್ತು. ಆಮೇಲೆ ಯುಎಸ್ ಕ್ಲೈಂಟ್ ಜೊತೆ ರಾತ್ರಿ ಹತ್ತಕ್ಕೆ ಕಾಲ್, ಅವ್ನು "ರನ್ ದಟ್ ಬೈ ಲೀಗಲ್" ಅಂತಾನೆ, ಅಂದ್ರೆ ಲೀಗಲ್‌ನವ್ರಿಗೆ ಒಂದ್ಸಲ ತೋರ್ಸಿ ಕೇಳು ಅಂತ. "ಲೆಟ್ಸ್ ರನ್ ವಿತ್ ಇಟ್" ಅಂದ್ರೆ ಸರಿ ಇದೇ ಇರ್ಲಿ ಮುಂದುವರಿಯೋಣ ಅಂತ. ಡ್ರೈ ರನ್ (ಮೊದ್ಲೊಂದ್ಸಲ ಪ್ರಾಕ್ಟೀಸ್), ರನ್ ದಿ ನಂಬರ್ಸ್ (ಲೆಕ್ಕ ಹಾಕಿ ನೋಡೋದು), ಹಿಟ್ ದಿ ಗ್ರೌಂಡ್ ರನ್ನಿಂಗ್ (ಬಂದ ತಕ್ಷಣ ಜೋರಾಗಿ ಶುರು ಮಾಡೋದು), ಇದೆಲ್ಲ ದಿನಾ ಕಿವಿಗೆ ಬಿದ್ದು ಬಿದ್ದು ಬಂದಿದ್ದು. ಆನ್‌ಸೈಟ್ ಹೋದಾಗ ಎಲೆಕ್ಷನ್ ಟೈಮು, "ಹೂ ಈಸ್ ರನ್ನಿಂಗ್?", ಅಂದ್ರೆ ಯಾರು ಎಲೆಕ್ಷನ್‌ಗೆ ನಿಂತಿದಾರೆ ಅಂತ ಕೆಫೆಟೇರಿಯಾ ತುಂಬಾ ಮಾತು, ನಮ್ ಟೀಮ್‌ನವ್ನು ಮ್ಯಾರಥಾನ್ ಅನ್ಕೊಂಡು ನಾನೂ ಹೆಸ್ರು ಕೊಡ್ತೀನಿ ಅಂದ. ಪಟ್ಟಿ ಕೊಟ್ಟು ದುಡ್ಡು ಕೀಳೋರು ಎಲ್ಲಾ ಫ್ರಾಡ್. ಆ 22 ಸಾವಿರಕ್ಕೆ ಒಳ್ಳೆ ಹೆಡ್‌ಫೋನ್ ತಗೊಳ್ಳಿ.

ನಿವೃತ್ತ ಮೇಷ್ಟ್ರು:
ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದವನು ಹೇಳ್ತಾ ಇದ್ದೀನಿ. "ಡಿಕ್ಷನರಿ ಮೊದ್ಲೇ ಬೇಡ" ಅನ್ನೋ ಮಾತು ಕೇಳಿ ಮೈ ಉರೀತು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದ ಇದ್ದದ್ದು ಸೆಟ್ ಅನ್ನೋ ಕ್ರಿಯಾಪದ, 430 ಅರ್ಥ, ವಿವರಣೆಯೇ ಸುಮಾರು 60 ಸಾವಿರ ಪದ. ಈಗಿನ ಪರಿಷ್ಕರಣೆಯಲ್ಲಿ ರನ್ ಅದನ್ನ ಹಿಂದೆ ಹಾಕಿದೆ, ಕ್ರಿಯಾಪದ ಒಂದಕ್ಕೇ 645 ಅರ್ಥ. ಪೀಟರ್ ಗಿಲಿವರ್ ಅನ್ನೋ ಸಂಪಾದಕರು ಈ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ರು. ಯೂಟ್ಯೂಬ್ ನೋಡಿ ಕಲ್ತೆ ಅನ್ನೋರು ಅದ್ರಲ್ಲಿ ಇಪ್ಪತ್ತು ಹೇಳ್ಲಿ ನೋಡೋಣ. ನಾನು ಅವೆನ್ಯೂ ರೋಡಲ್ಲಿ ಹಳೇ ಡಿಕ್ಷನರಿ ತಗೊಂಡೆ, ಅಂಗಡಿಯವ್ನು 1,800 ಅಂದ, ಚೌಕಾಸಿ ಮಾಡಿ 1,350, ರಟ್ಟು ಹರಿದಿತ್ತು, ಬೈಂಡಿಂಗಿಗೆ ಇನ್ನೂರೈವತ್ತು, ಆಟೋದವ್ನು ಪುಸ್ತಕದ ತೂಕ ನೋಡಿ ಲಗೇಜ್ ಚಾರ್ಜ್ ಅಂತ ಮೂವತ್ತು ಜಾಸ್ತಿ ಕಿತ್ತ. ಇವತ್ತಿಗೂ ಮೇಜಿನ ಮೇಲಿದೆ.

ವಿಷಯ ಏನಂದ್ರೆ ರನ್ ಅಂದ್ರೆ ಬರೀ ಕಾಲಲ್ಲಿ ಓಡೋದು ಅಂತ ತಲೇಲಿ ಕೂತಿರೋದೇ ತೊಂದರೆ. ಹರಿಯೋದು ಅನ್ನೋ ಅರ್ಥ ಹಳೇ ಕಾಲದಿಂದಲೂ ಇದೆ. ನದಿ ರನ್ ಆಗುತ್ತೆ, ಮೂಗು ರನ್ ಆಗುತ್ತೆ, ನಲ್ಲಿ ರನ್ ಆಗುತ್ತೆ, ಹೊಸ ಸೀರೆ ಒಗೆದಾಗ ಬಣ್ಣ ಬಿಡುತ್ತಲ್ಲ ಅದೂ ರನ್. ಆಮೇಲೆ ಯಂತ್ರ ನಡೆಯೋದು, ಅಂಗಡಿ ನಡೆಸೋದು. ಆಮೇಲೆ ಉದ್ದಕ್ಕೆ ಚಾಚೋದು, ಬೇಲಿ ರಸ್ತೆವರೆಗೆ ರನ್ ಆಗುತ್ತೆ, ನಾಟಕ ನೂರು ದಿನ ರನ್ ಆಗುತ್ತೆ. ಹರಿದು ಹರಿದು ಖಾಲಿ ಆದ್ರೆ ರನ್ ಔಟ್. ಈ ಎಳೆ ಹಿಡಿದ್ರೆ ಮುಕ್ಕಾಲು ಪಾಲು ತಾನೇ ಬಿಡಿಸ್ಕೊಳ್ಳುತ್ತೆ.

ಕೋಡ್ ಕೋರಮಂಗಲ:
ಸಾರ್ 645 ಅರ್ಥ ಗೊತ್ತಿರೋ ಮನುಷ್ಯ ಭೂಮಿ ಮೇಲೆ ಇಲ್ಲ. ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ಪಾಠ ಮಾಡಿದ್ರಿ ಸರಿ, ಅವ್ರಲ್ಲಿ ಎಷ್ಟು ಜನಕ್ಕೆ ಮಾತಾಡೋಕೆ ಬಂತು?

ನಿವೃತ್ತ ಮೇಷ್ಟ್ರು:
ಮಾತಾಡೋಕೆ ಬಂದವರು ನಿಮ್ಮ ಥರ ಹಿರಿಯರ ಜೊತೆ ಹೀಗೆ ಮಾತಾಡೋದಿಲ್ಲ.

ಕುಂದಾಪ್ರದ ನರ್ಸಮ್ಮ:
ಅಯ್ಯೋ ಮಾರಾಯ್ರೆ, ಪಾಪ ಆ ಹುಡುಗಿ ಕೇಳಿದ್ದು ಓಇಟಿ, ನೀವು ಎಂತದು ಜಗಳ ಮಾಡುದು. ನಾನು ಬರ್ಮಿಂಗ್‌ಹ್ಯಾಮ್ ಹತ್ರ ಆಸ್ಪತ್ರೆಯಲ್ಲಿ ಇರುದು. ನನ್ನ ಕಥೆ ಕೇಳಿ. ಓಇಟಿ ಫೀಸು ಆಗ 587 ಆಸ್ಟ್ರೇಲಿಯನ್ ಡಾಲರ್ ಇತ್ತು, ನಮ್ಮ ದುಡ್ಡಲ್ಲಿ 32 ಸಾವಿರ ದಾಟಿತ್ತು. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರಕ್ಕೂ 350 ಬೇಕು, ರೈಟಿಂಗಿಗೆ 300 ಸಾಕು, ನನಗೆ ಆ 300ರ ರೈಟಿಂಗಲ್ಲೇ 290 ಬಂತು. ಹತ್ತು ಮಾರ್ಕಿಗೆ ಪುನಃ ಪೂರ್ತಿ ಫೀಸು! ಅಪ್ಪನ ಹತ್ರ ಕೇಳ್ಲಿಕ್ಕೆ ಆಗದೆ ಬಳೆ ಸೊಸೈಟಿಯಲ್ಲಿಟ್ಟದ್ದು. ನಡುವಲ್ಲಿ ಏಜೆಂಟ್ ಒಬ್ಬ ಡಾಕ್ಯುಮೆಂಟ್ ಚಾರ್ಜ್ ಅಂತ 15 ಸಾವಿರ ತಗೊಂಡು ಫೋನ್ ಎತ್ತಲಿಲ್ಲ. ಕೊನೆಗೆ ಓಸ್ಕಿ ಅಂತ ಇಲ್ಲಿ ನರ್ಸ್‌ಗಳಿಗೆ ಮಾಡುವ ಪ್ರಾಕ್ಟಿಕಲ್ ಪರೀಕ್ಷೆಯ 794 ಪೌಂಡ್ ಆಸ್ಪತ್ರೆಯವ್ರೇ ಕಟ್ಟಿದ್ರು, ಇಲ್ಲದಿದ್ರೆ ನಾನು ವಾಪಸ್ ಊರಿಗೆ ಬಂದು ಅಕ್ಕನ ಮನೆಯಲ್ಲಿ ಗೇರುಬೀಜ ಸುಲಿತಾ ಇರ್ತಿದ್ದೆ.

ಈಗ ರನ್ ವಿಷಯ. ಇಲ್ಲಿ ಬಂದ ಹೊಸದ್ರಲ್ಲಿ ನೈಟ್ ಡ್ಯೂಟಿ, ಸೊಂಟದ ಮೂಳೆ ಆಪರೇಷನ್ ಆದ ಅಜ್ಜಿ ಬೆಲ್ ಒತ್ತಿ ಹೇಳಿದ್ರು, "ಐ ಹ್ಯಾವ್ ಹ್ಯಾಡ್ ದಿ ರನ್ಸ್ ಆಲ್ ನೈಟ್, ಲವ್". ನನ್ನ ಜೊತೆ ಇದ್ದ ಕೊಟ್ಟಾಯಂ ಹುಡುಗಿ ಅಜ್ಜಿಯ ಕಾಲು ನೋಡಿದ್ಲು, ವಾಕರ್ ನೋಡಿದ್ಲು, ನನ್ನ ಮುಖ ನೋಡಿದ್ಲು. ಎಂತದೂ ಇಲ್ಲ, ಅದು ಭೇದಿ. ದಿ ರನ್ಸ್ ಅಂದ್ರೆ ಭೇದಿ! ಅರ್ಥ ಆಗದೆ ನಗಾಡಿ ಬಂದ್ರೆ ಸ್ಟೂಲ್ ಸ್ಯಾಂಪಲ್ ಹೋಗುದಿಲ್ಲ, ಅಜ್ಜಿಯನ್ನು ಸೈಡ್ ರೂಮಿಗೆ ಹಾಕುದಿಲ್ಲ, ನಾಳೆಗೆ ವಾರ್ಡಲ್ಲಿ ಅಜ್ಜಿಯ ಅಕ್ಕಪಕ್ಕ ಇದ್ದವರಿಗೆಲ್ಲ ಹರಡಬಹುದು. ರನ್ನಿಂಗ್ ಎ ಟೆಂಪರೇಚರ್ ಅಂದ್ರೆ ಜ್ವರ ಉಂಟು. ಫೀಲಿಂಗ್ ರನ್ ಡೌನ್ ಅಂದ್ರೆ ಸುಸ್ತು, ಗಾಡಿ ಹಾದದ್ದಲ್ಲ. ರನ್ ಔಟ್ ಆಫ್ ಮೈ ಟ್ಯಾಬ್ಲೆಟ್ಸ್ ಅಂದ್ರೆ ಮಾತ್ರೆ ಮುಗಿದಿದೆ, ಹಾಗೆ ಹೇಳಿದ ಕೂಡ್ಲೇ ಯಾವಾಗಿಂದ ತಗೊಳ್ಳಲಿಲ್ಲ ಅಂತ ಕೇಳ್ಬೇಕು. ರನ್ಸ್ ಇನ್ ದಿ ಫ್ಯಾಮಿಲಿ ಅಂದ್ರೆ ಮನೆತನದಲ್ಲೇ ಬಂದ ಕಾಯಿಲೆ, ಸಕ್ಕರೆ ಕಾಯಿಲೆ ಹಾಗೆ. ಸಲೈನ್ ರನ್ ಮಾಡುದು ಓವರ್ ಎಯ್ಟ್ ಅವರ್ಸ್ ಅಂದ್ರೆ ಎಂಟು ಗಂಟೆ ಹೊತ್ತು ಹರಿಸುದು. ಡಾಕ್ಟ್ರು ರನ್ನಿಂಗ್ ಲೇಟ್ ಅಂದ್ರೆ ಬರ್ಲಿಕ್ಕೆ ತಡ ಉಂಟು. ಬಾತ್ ರನ್ ಮಾಡುದು ಅಂದ್ರೆ ಟಬ್ಬಿಗೆ ನೀರು ಬಿಡುದು. ಪರೀಕ್ಷೆಗೆ ಈ ಆಸ್ಪತ್ರೆಯ ರನ್ ಇದ್ರೆ ಸಾಕು, ಮೇಷ್ಟ್ರ 645 ಬೇಡ, ಲೀಗಲ್‌ಗೆ ತೋರ್ಸುದೂ ಬೇಡ.

ಐಇಎಲ್‌ಟಿಎಸ್ ಅಣ್ಣ:
ಯಾಕ್ ಎಲ್ರೂ ಓಇಟಿ ಓಇಟಿ ಅಂತೀರೋ. ಐಇಎಲ್‌ಟಿಎಸ್ ಅಂತ ಎಲ್ರೂ ಬರೆಯೋ ಇಂಗ್ಲಿಷ್ ಪರೀಕ್ಷೆ ಇದೆಯಲ್ಲ, ಅದಕ್ಕೆ ಹತ್ತತ್ರ ಅರ್ಧ ಫೀಸು. ರೈಟಿಂಗ್ 6.5, ಉಳಿದಿದ್ದು 7 ಬಂದ್ರೆ ಸಾಕು. ನಾನು ಕೊಟ್ಟಿದ್ದು ಅದೇ, ನಮ್ಮನೆಯವ್ಳಿಗೆ ಕೊಡ್ಸಿದ್ದೂ ಅದೇ.

ಕುಂದಾಪ್ರದ ನರ್ಸಮ್ಮ:
ಕೊಡಿ ನೀವು. ಅದ್ರಲ್ಲಿ ಹಿಮಕರಡಿ ಬಗ್ಗೆ ಪ್ಯಾಸೇಜ್ ಓದಿ, ನಗರದ ಟ್ರಾಫಿಕ್ ಬಗ್ಗೆ ಪ್ರಬಂಧ ಬರೀಬೇಕು. ನರ್ಸಿಗೆ ಡಿಸ್ಚಾರ್ಜ್ ಲೆಟರ್ ಬರೆಯುದು ಸುಲಭವಾ ಟ್ರಾಫಿಕ್ ಸುಲಭವಾ?

ಐಇಎಲ್‌ಟಿಎಸ್ ಅಣ್ಣ:
290 ಬಂದಿದ್ದು ಆ ಸುಲಭದ ಲೆಟರ್‌ನಲ್ಲೇ ಅಲ್ವಾ ಮೇಡಂ.

ಕುಂದಾಪ್ರದ ನರ್ಸಮ್ಮ:
ಸಾಕು. ನಿಮ್ಮ ಹತ್ರ ನನಗೆ ಮಾತಿಲ್ಲ.

ತುಮಕೂರು ಟೈಪಿಂಗ್:
ನಾನು ಕೋರ್ಟಲ್ಲಿ ಸ್ಟೆನೋ. ನಮ್ ರನ್ನೇ ಬೇರೆ, ಯಾರೂ ಹೇಳ್ಲೇ ಇಲ್ಲ. "ಸೆಂಟೆನ್ಸಸ್ ಶಲ್ ರನ್ ಕನ್‌ಕರೆಂಟ್ಲಿ" ಅಂದ್ರೆ ಎರಡು ಕೇಸಿನ ಶಿಕ್ಷೆ ಒಟ್ಟಿಗೇ ಕಳೆಯುತ್ತೆ, ಕನ್ಸೆಕ್ಯುಟಿವ್ಲಿ ಅಂದ್ರೆ ಒಂದಾದ್ಮೇಲೆ ಒಂದು. ಈ ಒಂದು ಪದ ಆಚೀಚೆ ಆದ್ರೆ ಮನುಷ್ಯ ಒಳಗೆ ವರ್ಷಗಟ್ಲೆ ಜಾಸ್ತಿ ಕೂರ್ತಾನೆ. 1963ರ ಲಿಮಿಟೇಷನ್ ಆಕ್ಟ್ ಒಂಬತ್ತನೇ ಸೆಕ್ಷನ್‌ನಲ್ಲೂ ಇದೇ ಪದ, ಟೈಮ್ ಒಂದ್ಸಲ ರನ್ ಆಗೋಕೆ ಶುರುವಾದ್ರೆ ಆಮೇಲೆ ಬಂದ ಅಡಚಣೆಗೆಲ್ಲ ನಿಲ್ಲಲ್ಲ ಅಂತ. ನಾನು ಶಾರ್ಟ್‌ಹ್ಯಾಂಡ್ ಕಲಿತ ಇನ್‌ಸ್ಟಿಟ್ಯೂಟ್‌ನಲ್ಲಿ ತಿಂಗಳಿಗೆ 600, ಮಿಷಿನ್ ರಿಬ್ಬನ್ ನಾವೇ ತರ್ಬೇಕು, ಟೈಪ್‌ರೈಟರ್‌ನಲ್ಲಿ ಆರ್ ಕೀ ಕಿತ್ತೋಗಿತ್ತು, ರನ್ ಅಂತ ಹೊಡೆದ್ರೆ ಬರೀ "ಉನ್" ಬರೋದು, ಕೇಳಿದ್ರೆ ಪೆನ್ನಲ್ಲಿ ತಿದ್ಕೋ ಅನ್ನೋರು. ಅಂಥದ್ರಲ್ಲಿ ಸೀನಿಯರ್ ಪಾಸ್ ಮಾಡಿದ್ದು.

ಕಸ್ತೂರಿ ಕನ್ನಡಿಗ:
ಇಂಗ್ಲಿಷ್‌ನವ್ರ ಒಂದು ಪದಕ್ಕೆ ಇಷ್ಟೊಂದು ಬಾಯಿ ಬಿಡ್ತಿದೀರಲ್ಲ, ನಮ್ಮ "ಹೊಡಿ" ಏನ್ ಕಮ್ಮಿ? ಗೊರಕೆ ಹೊಡಿ, ಸಿಳ್ಳೆ ಹೊಡಿ, ಕಣ್ಣು ಹೊಡಿ, ಪಲ್ಟಿ ಹೊಡಿ, ಗೋಡೆಗೆ ಬಣ್ಣ ಹೊಡಿ, ಹರಟೆ ಹೊಡಿ, ಕಾಪಿ ಹೊಡಿ, ಎಣ್ಣೆ ಹೊಡಿ, ಲಾಟರಿ ಹೊಡೀತು, ಶಾಕ್ ಹೊಡೀತು, ವಾಸ್ನೆ ಹೊಡೀತಿದೆ. ಇದಕ್ಕೆ ಯಾರಾದ್ರೂ 22 ಸಾವಿರ ಕೊಟ್ಟು ಕೋಚಿಂಗ್ ಹೋಗಿದೀರಾ? ಮೊದ್ಲು ನಮ್ ಭಾಷೆ ನೆಟ್ಟಗೆ ಕಲೀರಿ.

ಹುಬ್ಬಳ್ಳಿ ಹೈದ:
ಯಪ್ಪಾ, ಆಕಿ ಬರ್ಮಿಂಗ್‌ಹ್ಯಾಮ್ ಅಜ್ಜಿಗೆ ಹೊಡಿ ಅಂತ ಹೇಳಾಕ ಆಗತೈತೇನು? ಪೊಲೀಸ್ ಬರ್ತಾರ.

ಕಸ್ತೂರಿ ಕನ್ನಡಿಗ:
ನಗಾಡಿ ನಗಾಡಿ. ನಿಮ್ ಬ್ಯಾಂಕಲ್ಲಿ ಚಲನ್ ಕನ್ನಡದಲ್ಲಿ ಇದ್ಯಾ ಮೊದ್ಲು ಹೇಳಿ ಆಫೀಸರ್ರೇ.

ಹುಬ್ಬಳ್ಳಿ ಹೈದ:
ಐತಿ. ನಾನ ತರಿಸಿಟ್ಟೇನಿ. ಬಂದು ನೋಡ್ರಿ, ಚಹಾ ಕುಡಸ್ತೀನಿ.

ದಾವಣಗೆರೆ ಸಿಸ್ಟರ್:
ನರ್ಸಕ್ಕ ತುಂಬಾ ಥ್ಯಾಂಕ್ಸ್, ದಿ ರನ್ಸ್ ನಮ್ ಪಟ್ಟೀಲಿ ಇರ್ಲೇ ಇಲ್ಲ. ಆ 22 ಸಾವಿರದ್ದು ಯಾರಾದ್ರೂ...

ಗಲ್ಲಿ ಕ್ರಿಕೆಟರ್:
ರನ್ ಬಗ್ಗೆ ಇಷ್ಟುದ್ದ ಮಾತಾಡಿ ಕ್ರಿಕೆಟ್ ಯಾರೂ ಎತ್ತಿಲ್ಲ, ನಾಚ್ಕೆ ಆಗ್ಬೇಕು. ನಾನು ಇಂಗ್ಲಿಷ್ ಕಲ್ತಿದ್ದೇ ಕಾಮೆಂಟ್ರಿ ಕೇಳಿ. ರನ್ ರೇಟ್, ರನ್ ಅಪ್, ರನ್ ಔಟ್, ಓವರ್‌ಥ್ರೋ ರನ್. ಎಂಟನೇ ಕ್ಲಾಸಲ್ಲಿ ಮಿಸ್ಸು "ವಿ ರ‍್ಯಾನ್ ಔಟ್ ಆಫ್ ಚಾಕ್" ಅಂದಾಗ ಇಡೀ ಕ್ಲಾಸಿಗೆ ಅರ್ಥ ಆಗ್ಲಿಲ್ಲ, ನಾನು ಔಟ್ ಅಂದ್ರೆ ಆಟ ಮುಗೀತು, ಚಾಕ್‌ಪೀಸ್ ಮುಗೀತು ಅಂತ ಊಹೆ ಮಾಡಿ ಹೇಳ್ದೆ, ಚಪ್ಪಾಳೆ ಬಿತ್ತು. ಒಂದು ಮಾತ್ರ ಕಾಮೆಂಟ್ರಿಯೋರ ಮೇಲೆ ಈಗ್ಲೂ ಸಿಟ್ಟು. ಬಾಲ್ ಹಾಕೋ ಮುಂಚೇನೇ ನಾನ್‌ಸ್ಟ್ರೈಕರ್ ಕ್ರೀಸ್ ಬಿಟ್ಟಾಗ ಬೌಲರ್ ತನ್ನ ಕಡೆ ಬೇಲ್ಸ್ ಎಗರಿಸಿದ್ರೆ ಅದೂ ರನ್ ಔಟೇ, 2022ರ ಅಕ್ಟೋಬರ್‌ನಿಂದ ಕ್ರಿಕೆಟ್ ನಿಯಮ ಬರೆಯೋ ಎಂಸಿಸಿ ಅದನ್ನ ಅನ್‌ಫೇರ್ ಪ್ಲೇ ಪಟ್ಟಿಯಿಂದ ತೆಗೆದು ರನ್ ಔಟ್ ನಿಯಮಕ್ಕೇ ಸೇರ್ಸಿದೆ, ಆದ್ರೂ ಮಂಕಡಿಂಗ್ ಮಂಕಡಿಂಗ್ ಅಂತಾರೆ.

ಕೋಡ್ ಕೋರಮಂಗಲ:
ನಿಯಮದಲ್ಲಿದ್ರೆ ಆಯ್ತಾ? ಚೀಟಿಂಗ್ ಚೀಟಿಂಗೇ. ಒಂದ್ಸಲ ವಾರ್ನಿಂಗ್ ಕೊಡೋಕೇನು ಕಷ್ಟ.

ನಿವೃತ್ತ ಮೇಷ್ಟ್ರು:
ಇತಿಹಾಸ ಗೊತ್ತಿಲ್ಲದೆ ಮಾತಾಡಬೇಡಿ. ಆ ಹೆಸರು ಬಂದದ್ದೇ ನಮ್ಮ ವಿನೂ ಮಂಕಡ್ ಅವರಿಂದ, 1947ರಲ್ಲಿ ಆಸ್ಟ್ರೇಲಿಯಾದ ಬಿಲ್ ಬ್ರೌನ್‌ನನ್ನ ಒಂದೇ ಪ್ರವಾಸದಲ್ಲಿ ಎರಡು ಸಲ ಹಾಗೆ ಔಟ್ ಮಾಡಿದ್ರು, ಮೊದಲನೇ ಸಲ ಎಚ್ಚರಿಕೆ ಕೊಟ್ಟೇ ಮಾಡಿದ್ದು, ಎರಡನೇದು ಸಿಡ್ನಿ ಟೆಸ್ಟ್. ಎದುರಾಳಿ ಕ್ಯಾಪ್ಟನ್ ಬ್ರಾಡ್ಮನ್ನೇ ಮಂಕಡ್ ಮಾಡಿದ್ದು ಸರಿ ಅಂದಿದ್ದಾರೆ. ಕ್ರೀಸ್ ಬಿಟ್ಟು ಓಡಿದವನು ಕಳ್ಳನೋ, ಹಿಡಿದವನು ಕಳ್ಳನೋ?

ಕೋಡ್ ಕೋರಮಂಗಲ:
ಇದೂ ಡಿಕ್ಷನರೀಲಿ ಇತ್ತಾ ಸಾರ್?

ಕುಂದಾಪ್ರದ ನರ್ಸಮ್ಮ:
ಸಿಸ್ಟರ್, ಇವರನ್ನು ಬಿಡಿ. ಮೆಸೇಜ್ ಮಾಡಿ, ನನ್ನ ಹತ್ರ ಹಳೇ ಲಿಸನಿಂಗ್ ಆಡಿಯೋ ಉಂಟು, ಕಳಿಸ್ತೇನೆ. ದುಡ್ಡು ಕಟ್ಟುದಾದ್ರೆ ರೈಟಿಂಗ್ ತಿದ್ದಿ ಕೊಡುವವರಿಗೆ ಕಟ್ಟಿ, ಪಟ್ಟಿ ಕೊಡುವವರಿಗೆ ಅಲ್ಲ.

ಐಇಎಲ್‌ಟಿಎಸ್ ಅಣ್ಣ:
ನಾನಂತೂ ಮತ್ತೆ ಹೇಳ್ತೀನಿ, ಅರ್ಧ ಫೀಸು.