ಗ್ವಾಡಿ ಪಾಚಿಗೆ ಪ್ರೆಶರ್ ವಾಷರ್ ತಗೊಳ್ಳೂದೋ, ಮಂದಿ ಕರಸೂದೋ?

ಪ್ರಶ್ನೆ: ಧಾರವಾಡದ ಮಳಿಯಿಂದ ಕಂಪೌಂಡ್ ಗ್ವಾಡಿ ಕರ್ರಗಾಗೇತಿ. 120 ಬಾರ್ ಒತ್ತಡದಾಗ ನೀರು ಹೊಡಿಯೂ ಮಷೀನ್ ಸಾಕೇನ್ರಿ? ನಳಾ ದಿನಾ ಬರೂದಿಲ್ಲ.

ಉತ್ತರ 1: ಸಾಕ್ರಿ. ನಿಮಿಷಕ್ಕ 6–7 ಲೀಟರ್ ಬೇಕು, 200 ಲೀಟರ್ ಡ್ರಮ್ ಅರ್ಧ ತಾಸಿಗೆ ಖಾಲಿ. ಡ್ರಮ್‌ನಿಂದ ಎಳಿಯೂದಾದ್ರ ಪೈಪಿಗೆ ಫಿಲ್ಟರ್ ಹಾಕಿ, ಒಳಗಿನ ಗಾಳಿ ಪೂರ್ತಿ ತಗೀರಿ. ನೀರಿಲ್ದ ಓಡಿದ್ರ ಪಂಪಿನ ಸೀಲ್ ಹೋಗತಾವ.

ಉತ್ತರ 2: ಗನ್ನಿನ ತುದಿಗೆ ನೀರು ಅಗಲಕ್ಕ ಹರಡೂ 40 ಡಿಗ್ರಿ ಬಿಳಿ ನಾಝಲ್ ಹಾಕಿ, ಗ್ವಾಡಿಯಿಂದ ಒಂದೂವರೆ ಫೂಟ್ ದೂರ ಹಿಡೀರಿ. ಒಂದ ಸಣ್ಣ ಧಾರಿ ಹೊಡಿಯೂ ಕೆಂಪು ನಾಝಲ್ ಮುಟ್ಟಬ್ಯಾಡ್ರಿ, ಪೇಂಟ್ ಜೋಡಿ ಗಿಲಾವೂ ಕಿತ್ತು ಬರತೈತಿ. ಮೊದಲ ಬ್ಲೀಚಿಂಗ್ ನೀರು ಹೊಡದು 10 ನಿಮಿಷ ಬಿಡ್ರಿ; ಬರೇ ಪ್ರೆಶರ್‌ಗೆ ಪಾಚಿ ಪೂರ್ತಿ ಸಾಯೂದಿಲ್ಲ. ಬ್ಲೀಚಿಂಗ್ ನೀರಿಗೆ ಆಸಿಡ್ ಮಾತ್ರ ಕೂಡಿಸಬ್ಯಾಡ್ರಿ, ವಿಷಗಾಳಿ ಏಳತೈತಿ.

ಉತ್ತರ 3: ಮ್ಯಾಲಿನ ಮಾಳಿಗಿ ಗ್ವಾಡಿ ಇದ್ರ ಮಂದಿನ್ನ ಕರಸ್ರಿ. ಏಣಿ ಮ್ಯಾಲ ಗನ್ ಹಿಡಿಯೂದು ಹುಚ್ಚತನ, ಟ್ರಿಗರ್ ಒತ್ತಿದ ಕೂಡ್ಲೇ ಹಿಂದಕ್ಕ ತಳ್ಳತೈತಿ.