ನಮ್ಮ ಗ್ಯಾಲಕ್ಸಿಯ ನಡುವಿನ ಉಬ್ಬು ಗುಂಡಗಿದೆಯಾ, ಕಡಲೆಕಾಯಿ ಆಕಾರದಲ್ಲಿದೆಯಾ?

ಮಲೆನಾಡ_ತಾರೆ:
ಆಕಾಶಗಂಗೆಯ ಚಿತ್ರ ಎಲ್ಲಿ ನೋಡಿದರೂ ನಡುವೆ ಒಂದು ಹಳದಿ ಉಂಡೆ ಇರುತ್ತದೆ. ನಾನು ಓದಿದ ಹಳೇ ಪುಸ್ತಕಗಳಲ್ಲೂ ಗೋಳ ಅಂತಲೇ ಇತ್ತು. ಈಗಿನ ಲೇಖನಗಳಲ್ಲಿ ಮಾತ್ರ ಅದು ಕಡಲೆಕಾಯಿ ಆಕಾರ, ಪಕ್ಕದಿಂದ ನೋಡಿದರೆ ಎಕ್ಸ್ ಅಕ್ಷರದ ಹಾಗೆ ಅಂತ ಬರುತ್ತಿದೆ. ಯಾವುದು ಸರಿ? ಇನ್ನೊಂದು ಪ್ರಶ್ನೆ ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ನಾವು ಇರುವುದೇ ಗ್ಯಾಲಕ್ಸಿಯ ತಟ್ಟೆಯೊಳಗೆ, ಮಧ್ಯೆ ದೂಳು ಬೇರೆ, ಹೊರಗೆ ಹೋಗಿ ನೋಡಿಬಂದವರು ಯಾರೂ ಇಲ್ಲ. ಹಾಗಿದ್ದ ಮೇಲೆ ಆಕಾರ ಗೊತ್ತಾಗಿದ್ದು ಹೇಗೆ?

ಅವಕೆಂಪು:
ಮೊದಲು ದೂಳಿನ ವಿಷಯ. ಕೇಂದ್ರ ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ಅಲ್ಲಿಂದ ಹೊರಟ ಮಾಮೂಲಿ ಬೆಳಕನ್ನು ದಾರಿಯಲ್ಲಿರುವ ದೂಳು ನುಂಗಿಬಿಡುತ್ತದೆ, ಅವಕೆಂಪು ಬೆಳಕು ಮಾತ್ರ ಬಹುಪಾಲು ದಾಟಿ ಬರುತ್ತದೆ. 1989ರಲ್ಲಿ ನಾಸಾ ಹಾರಿಸಿದ ಕೋಬಿ ಉಪಗ್ರಹದ ಅವಕೆಂಪು ಚಿತ್ರಗಳಲ್ಲೇ ಉಬ್ಬು ಗುಂಡಗೆ ಕಾಣದೆ ಪೆಟ್ಟಿಗೆಯ ಹಾಗೆ ಕಂಡಿತ್ತು, ಅದೂ ಒಂದು ಪಕ್ಕ ಸ್ವಲ್ಪ ದಪ್ಪ. ಯಾಕೆಂದರೆ ಅಲ್ಲಿರುವುದು ಉದ್ದನೆಯ ಬಾರ್, ಅಂದರೆ ನಕ್ಷತ್ರಗಳೇ ಸೇರಿ ಆದ ದಿಮ್ಮಿಯಂಥ ರಚನೆ. ಅದರ ಒಂದು ತುದಿ ನಮ್ಮ ಕಡೆಗೆ ಚಾಚಿಕೊಂಡಿದೆ, ಸೂರ್ಯನಿಂದ ಕೇಂದ್ರಕ್ಕೆ ಎಳೆದ ಗೆರೆಗೂ ಬಾರ್‌ಗೂ ನಡುವೆ ಸುಮಾರು 27 ಡಿಗ್ರಿ ಕೋನ. ಹತ್ತಿರದ ತುದಿ ಸಹಜವಾಗಿ ದೊಡ್ಡದಾಗಿ ಕಾಣುತ್ತದೆ.

ಇನ್ನು ಎಕ್ಸ್. ಇದಕ್ಕೆ ನೆರವಾಗಿದ್ದು ರೆಡ್ ಕ್ಲಂಪ್ ನಕ್ಷತ್ರಗಳು. ಒಡಲಲ್ಲಿ ಹೀಲಿಯಂ ಉರಿಸುತ್ತಿರುವ ಇವುಗಳ ನಿಜವಾದ ಹೊಳಪು ಹೆಚ್ಚೂಕಡಿಮೆ ಒಂದೇ, ಹಾಗಾಗಿ ಎಷ್ಟು ಮಂಕಾಗಿ ಕಾಣುತ್ತವೆ ಅನ್ನುವುದರಿಂದ ದೂರ ಲೆಕ್ಕ ಹಾಕಬಹುದು. 2010ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಕೊಂಡವು. ತಟ್ಟೆಯ ಮಟ್ಟದಿಂದ ಕೆಲವು ಡಿಗ್ರಿ ಮೇಲೆ ಅಥವಾ ಕೆಳಗೆ ನೋಡಿದರೆ ಈ ನಕ್ಷತ್ರಗಳು ಎರಡು ಗುಂಪಾಗಿ ಒಡೆಯುತ್ತವೆ. ನೋಡುವ ದಿಕ್ಕು ಒಂದೇ, ದೂರ ಮಾತ್ರ ಎರಡು. ಮಟ್ಟದಿಂದ ದೂರ ಹೋದಷ್ಟೂ ಗುಂಪುಗಳ ಅಂತರ ಹೆಚ್ಚುತ್ತದೆ, ಹತ್ತಿರ ಬಂದರೆ ಎರಡೂ ಸೇರಿಕೊಳ್ಳುತ್ತವೆ. ಕಾಗದದ ಮೇಲೆ ಬರೆದು ನೋಡಿ, ಎಕ್ಸ್ ತಾನಾಗಿ ಬರುತ್ತದೆ. ಆಮೇಲೆ 2013ರಲ್ಲಿ, ಚಿಲಿಯ ಪರಾನಲ್‌ನಲ್ಲಿರುವ ವಿಸ್ಟಾ ದೂರದರ್ಶಕದ ಸಮೀಕ್ಷೆ ಬಳಸಿ ಇಡೀ ಉಬ್ಬಿನ ಮೂರು ಆಯಾಮದ ನಕ್ಷೆಯನ್ನೇ ಮಾಡಿದರು.

ಕಕ್ಷೆ_ಲೆಕ್ಕ:
ಎಕ್ಸ್ ಅಂದ ಕೂಡಲೇ ನಾಲ್ಕು ತೋಳು ಚಾಚಿಕೊಂಡು ನಿಂತಿವೆ ಅಂತ ಅಂದುಕೊಳ್ಳಬೇಡಿ. ಯಾವ ನಕ್ಷತ್ರವೂ ಅಲ್ಲೇ ಇರುವುದಿಲ್ಲ. ಬಾರ್ ಉದ್ದಕ್ಕೂ ಹೋಗಿ ಬರುತ್ತಾ ಮೇಲಕ್ಕೂ ಕೆಳಕ್ಕೂ ತೂಗಾಡುತ್ತವೆ, ತಿರುಗುವ ಜಾಗದಲ್ಲಿ ನಿಧಾನವಾಗುವುದರಿಂದ ಅಲ್ಲಿ ದಟ್ಟಣೆ ಹೆಚ್ಚು. ನಮಗೆ ಕಾಣುವುದು ಆ ದಟ್ಟಣೆ.

ಹುಟ್ಟಿದ್ದು ಹೇಗೆ ಅನ್ನುವುದೂ ಸೊಗಸಾಗಿದೆ. ಮೊದಲು ತಟ್ಟೆ, ತಟ್ಟೆಯೊಳಗೆ ಬಾರ್, ಆಮೇಲೆ ಬಾರ್ ಮೇಲೆ ಕೆಳಗೆ ಬಾಗಿ ದಪ್ಪಗಾಯಿತು. ಕಂಪ್ಯೂಟರ್ ಸಿಮ್ಯುಲೇಶನ್‌ಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಬ್ರಾವಾ ಸಮೀಕ್ಷೆ ಉಬ್ಬಿನ ಸಾವಿರಾರು ಕೆಂಪು ದೈತ್ಯ ನಕ್ಷತ್ರಗಳ ವೇಗ ಅಳೆದಾಗ, ಎತ್ತರಕ್ಕೆ ಹೋದರೂ ಸುತ್ತುವ ವೇಗ ಅಷ್ಟಾಗಿ ಇಳಿಯಲಿಲ್ಲ. ಚಿಕ್ಕ ಗ್ಯಾಲಕ್ಸಿಗಳು ಡಿಕ್ಕಿಯಾಗಿ ಸೇರಿ ಆದ ಗೋಳವಾಗಿದ್ದರೆ ಹಾಗಿರುತ್ತಿರಲಿಲ್ಲ. ಆದ್ದರಿಂದ ಹಳೇ ಪುಸ್ತಕದ ಗೋಳವನ್ನು ಮರೆತುಬಿಡಿ.

ಹಳೇ_ನಕ್ಷತ್ರ:
ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ನಕ್ಷತ್ರಗಳನ್ನು ಎಣಿಸುತ್ತೀರಿ ಅನ್ನುವುದರ ಮೇಲೆ ಆಕಾರ ಬದಲಾಗುತ್ತದೆ. ಕಬ್ಬಿಣದಂಥ ಭಾರದ ಧಾತುಗಳು ಜಾಸ್ತಿ ಇರುವ ನಕ್ಷತ್ರಗಳಲ್ಲಿ ಎಕ್ಸ್ ಚೆನ್ನಾಗಿ ಕಾಣುತ್ತದೆ. ಅವು ತೀರಾ ಕಡಿಮೆ ಇರುವವುಗಳಲ್ಲಿ ಆ ಎರಡು ಗುಂಪೇ ಇಲ್ಲ. ಆರ್‌ಆರ್ ಲೈರೇ ಅನ್ನುವ ಬಹಳ ಹಳೆಯ ಮಿಡಿಯುವ ನಕ್ಷತ್ರಗಳನ್ನು ಮಾತ್ರ ತೆಗೆದುಕೊಂಡರೆ ಹರಡಿಕೆ ಹೆಚ್ಚು ದುಂಡಗೆ. ಇದೂ ಬಾರ್‌ನಿಂದಲೇ ಬರಬಹುದು, ಮೊದಲೇ ಹೆಚ್ಚು ಚದುರಿ ಓಡಾಡುತ್ತಿದ್ದ ನಕ್ಷತ್ರಗಳು ಬಾರ್‌ಗೆ ಅಷ್ಟಾಗಿ ಒಗ್ಗುವುದಿಲ್ಲ ಅನ್ನುವ ವಾದ ಇದೆ. ಆದರೂ "ಗೋಳ ಇಲ್ಲವೇ ಇಲ್ಲ" ಅನ್ನುವುದು ಅವಸರ.

ಕಕ್ಷೆ_ಲೆಕ್ಕ:
ಸರಿ, ಅಷ್ಟು ಒಪ್ಪುತ್ತೇನೆ. ಹೆಚ್ಚಿನ ದ್ರವ್ಯರಾಶಿ ಬಾರ್ ಮತ್ತು ಕಡಲೆಕಾಯಿಯಲ್ಲಿದೆ ಅನ್ನುವಷ್ಟಕ್ಕೆ ನನ್ನ ಮಾತು ನಿಲ್ಲಲಿ.

ಮಲೆನಾಡ_ತಾರೆ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಕಡೆಯಿಂದ ಇದರಲ್ಲಿ ಏನಾದರೂ ಕಣ್ಣಿಗೆ ಕಾಣುತ್ತದಾ?

ಅವಕೆಂಪು:
ಎಕ್ಸ್ ಕಾಣುವುದಿಲ್ಲ, ಉಬ್ಬಿನ ಬೆಳಕು ಖಂಡಿತ ಕಾಣುತ್ತದೆ. ಮಳೆಗಾಲಕ್ಕೆ ಕಾಯಬೇಡಿ. ಏಪ್ರಿಲ್ ಮಧ್ಯದಲ್ಲಿ ಬೆಳಗಿನ ಜಾವ ನಾಲ್ಕರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ, ಮೂಲಾ ನಕ್ಷತ್ರಕ್ಕೂ ಪೂರ್ವಾಷಾಢಕ್ಕೂ ನಡುವೆ ಸ್ವಲ್ಪ ಮೇಲೆ ನೋಡಿ. ಊರಿನ ದೀಪ ಇರಬಾರದು, ಚಂದ್ರನೂ ಇರಬಾರದು. ಅಲ್ಲಿಂದ ಎಡಕ್ಕೆ, ಶ್ರವಣ ನಕ್ಷತ್ರದ ಕಡೆಗೆ ಹೋದರೆ ಬಾರ್‌ನ ನಮಗೆ ಹತ್ತಿರದ ಅರ್ಧ ಇರುವ ದಿಕ್ಕು. ಬಲಕ್ಕೆ, ಚೇಳಿನ ಬಾಲದ ಕಡೆಗೆ, ದೂರದ ಅರ್ಧ.